ಚಪ್ಪಾಳೆಗೊಬ್ಬರು, ಗಡಿಯಾರಕ್ಕೊಬ್ಬರು

ಬಟ್ಟೆ ಕೋಣೆ, ರಂಗಮಂದಿರದ ಹಿಂಭಾಗ
ಗುರುವಾರ, ಹನ್ನೊಂದನೇ ತಾರೀಖು, ಬೆಳಿಗ್ಗೆ

ಪ್ರೀತಿಯ ನಮ್ಮ ಮನೆಯವರಿಗೆ,

ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿ ತಿಂಗಳು ಕಳೆಯಿತು, ಗುರುತು ಮಾತ್ರ ವಾರೆಯಾಗಿ ಉಳಿದಿದೆ ಎಂದು ಮಗಳು ಹೇಳಿದಳು. ಟಾಕು ಒಂದೇ ಅಂತರದಲ್ಲಿ ಇದ್ದವೋ ಇಲ್ಲವೋ ಎಂದು ನಾನು ಕೇಳಿದ್ದಕ್ಕೆ ಅವಳಿಗೆ ನಗು. ನಗುವ ಮಾತಲ್ಲ ಅದು. ಸೂಜಿ ಹಿಡಿಯುವವರು ಡಾಕ್ಟರೇ ಆಗಲಿ, ಕೆಲಸ ನೀಟಾಗಿರಬೇಕು. ನಮ್ಮ ಬಟ್ಟೆ ಕೋಣೆಗೆ ಬಂದು ಅಂಥ ಹೊಲಿಗೆ ಹಾಕಿದ್ದರೆ ಅದೇ ಹೊತ್ತಿಗೆ ಬಿಚ್ಚಿಸುತ್ತಿದ್ದೆ. ಈಗ ಕೋಲಿಲ್ಲದೆ ಬೀದಿ ಕೊನೆಯ ಅಂಗಡಿಯವರೆಗೆ ಹೋಗಿ ಬರುತ್ತೀರಂತೆ. ಒಳ್ಳೆಯದು. ಹೋಗುವಾಗ ಸರಿಯಾಗಿ ಹೋಗಿ ಬರುವಾಗ ಕುಂಟುತ್ತೀರಂತೆ, ಅದು ಯಾಕೆ ಎಂದು ನನಗೆ ಗೊತ್ತು. ಬರುವಾಗ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾಳೆ. ನಲವತ್ತೊಂದು ವರ್ಷ ನಿಮ್ಮ ಜೊತೆ ಸಂಸಾರ ಮಾಡಿದ್ದೇನೆ, ನಿಮ್ಮ ಕಾಲು ಯಾವಾಗ ನೋಯುತ್ತದೆ, ಯಾವಾಗ ನಟಿಸುತ್ತದೆ ಎನ್ನುವುದು ನಿಮಗಿಂತ ಚೆನ್ನಾಗಿ ನನಗೆ ತಿಳಿಯುತ್ತದೆ. ಮೊಮ್ಮಗಳನ್ನು ಎತ್ತಿಕೊಳ್ಳಬೇಡಿ. ಅವಳೀಗ ಪುಟ್ಟ ಮೂಟೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಿ ನಾನು ನಾಟಕದ ಮಾತೆತ್ತಿದ ಕೂಡಲೇ ನೀವು ಅದನ್ನು ಆ ಮಗುವಿನ ಕೈಗೆ ಕೊಟ್ಟುಬಿಡುತ್ತೀರಿ. ಅಜ್ಜ ಬಚ್ಚಲಿಗೆ ಹೋದರು ಅಂತ ಅದು ಹೇಳುತ್ತದೆ, ಪಕ್ಕದಲ್ಲೇ ನಿಮ್ಮ ಕೆಮ್ಮು ಕೇಳಿಸುತ್ತದೆ. ಐದು ವರ್ಷದ ಮಗುವಿಗೆ ಸುಳ್ಳು ಹೇಳಲು ಕಲಿಸುತ್ತಿದ್ದೀರಿ, ನಾಚಿಕೆಯಾಗಬೇಕು. ಕಾಗದವನ್ನು ಅದರ ಕೈಗೆ ಕೊಟ್ಟರೂ ಪ್ರಯೋಜನವಿಲ್ಲ, ಅದಕ್ಕಿನ್ನೂ ಓದು ಬರದು. ನೀವೇ ಓದಬೇಕು. ಹೊರಡುವಾಗ ನೀವು ಹೇಳಿದ ಮಾತು ನನಗೆ ಮರೆತಿಲ್ಲ: "ಅವನ ಕೋಟು ಹೊಲಿಯೋ ಕೈಯಲ್ಲಿ ನಂಗೆ ಕಾಗದ ಬರೀಬೇಡ." ಅದೇ ಕೈಯಲ್ಲಿ ಬರೆಯುತ್ತಿದ್ದೇನೆ. ಇರುವುದು ಇವೆರಡೇ ಕೈ, ಮೂರನೆಯದು ಎಲ್ಲಿಂದ ತರಲಿ? ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ರಂಗಮಂದಿರದ ಯಜಮಾನರ ಮಗಳು ನಮ್ಮ ಮನೆಗೆ ಬಂದ ದಿನದಿಂದ ನೀವು ಸರಿಯಾಗಿ ಮಾತಾಡಿಲ್ಲ. ಆ ಹುಡುಗಿ ಕುರ್ಚಿಯ ತುದಿಯಲ್ಲಿ ಕೂತು, "ಗಡಿಯಾರದ ಅಂಗಡಿ" ಹದಿನೆಂಟು ವರ್ಷದ ಮೇಲೆ ಮತ್ತೆ ರಂಗಕ್ಕೆ ಬರುತ್ತಿದೆ, ಆದರೆ ಪೋಸ್ಟರಿನ ಮೇಲೆ ಎರಡಾದರೂ ದೊಡ್ಡ ಹೆಸರು ಇಲ್ಲದಿದ್ದರೆ ಜನ ಬರುವುದಿಲ್ಲ, ಮಂದಿರಕ್ಕೆ ಬೀಗ ಹಾಕಬೇಕಾಗುತ್ತದೆ ಎಂದು ನೆಲ ನೋಡಿಕೊಂಡು ಹೇಳಿದಳು. ಮಗಳ ಪಾತ್ರಕ್ಕೆ ಟೀವಿ ಧಾರಾವಾಹಿಯ ಸೊಸೆ, ನಿಮ್ಮ ಪಾತ್ರಕ್ಕೆ ಸಿನಿಮಾದ ಆ ಖಳನಾಯಕ. ಚಹಾ ಮಾಡಿಕೊಟ್ಟು, ಗೇಟಿನವರೆಗೆ ಹೋಗಿ ಕಳಿಸಿ ಬಂದಿರಿ. ಆಮೇಲೆ "ಅವರಿಗೆ ಮುಖ ಬೇಕಂತೆ, ನನ್ನ ಹತ್ರ ಇರೋದು ಕಾಲು ಮಾತ್ರ" ಎಂದು ಹೇಳಿ, ಆ ಕಾಲನ್ನೂ ಕೊಯ್ಸಿಕೊಳ್ಳುತ್ತೇನೆಂದು ಮಗಳ ಮನೆಗೆ ಹೊರಟುಬಿಟ್ಟಿರಿ. ಎರಡು ವರ್ಷದಿಂದ ಡಾಕ್ಟರು ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದವರು ಎರಡೇ ದಿನದಲ್ಲಿ ಆಪರೇಷನ್ನಿಗೆ ಒಪ್ಪಿದಿರಿ. ಇನ್ನು ಆ ಮಂದಿರದ ಮೆಟ್ಟಿಲು ತುಳಿಯುವುದಿಲ್ಲ ಎಂದಿರಿ. ಮನೆಗೂ ಅದೇ ಬೀದಿಯಲ್ಲಿ ಬರಬೇಕು ತಾನೇ? ಹಾಗಾದರೆ ನನ್ನ ಗತಿ ಏನು ಎಂದು ನೀವು ಯೋಚಿಸಲಿಲ್ಲ. ಒಬ್ಬಳಿಗೆ ಅಡುಗೆ ಮಾಡಿದರೆ ಎರಡು ದಿನ ಉಳಿಯುತ್ತದೆ. ಉಪ್ಪು ಜಾಸ್ತಿಯಾಯಿತು ಎಂದು ಬೈಯುವವರಿಲ್ಲದೆ ಉಪ್ಪೇ ಹಾಕುವುದು ಮರೆತುಹೋಗಿದೆ. ನೀವು ವಾಪಸು ಬರಬೇಕು, ಅದಕ್ಕೇ ಈ ಕಾಗದ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ.

ಮೊದಲು ಅವನ ಕಥೆ ಕೇಳಿ. ನಾನು ಅವನಿಗೆ ಮೀಸೆ ಎಂದು ಹೆಸರಿಟ್ಟಿದ್ದೇನೆ. ಪರದೆಯ ಮೇಲೆ ಅದನ್ನು ತಿರುವಿದನೆಂದರೆ ಯಾರದೋ ಮನೆ ಹಾಳಾಯಿತೆಂದೇ ಲೆಕ್ಕ. ಅವನು ಬರುವುದಕ್ಕೆ ಒಂದು ತಿಂಗಳ ಮೊದಲೇ ಅವನ ಆಫೀಸಿನಿಂದ ಅಳತೆಯ ಚೀಟಿ ಬಂತು. ಟೈಪು ಮಾಡಿ, ಮೊಹರು ಹಾಕಿದ ಚೀಟಿ. ಕಣ್ಣಲ್ಲಿ ನೋಡದವರ ಅಳತೆಯನ್ನು ನಂಬಿ ನಾನು ಯಾವತ್ತೂ ಕತ್ತರಿ ಹಾಕಿದವಳಲ್ಲ, ನಿಮಗೆ ಗೊತ್ತು. ಆದರೆ ಮೊಹರು ನೋಡಿ ಮೋಸ ಹೋದೆ. ಮೊದಲನೇ ದಿನ ಅವನು ಬಂದು ಹಮಾಲನ ಪ್ಯಾಂಟು ಹಾಕಿಕೊಳ್ಳಲು ಹೋದರೆ ಸೊಂಟ ಒಂದು ಗೇಣು ದೂರ ನಿಂತಿತು. ನಾನು ಟೇಪು ಸುತ್ತಿ ನೋಡಿದೆ, ಚೀಟಿ ನೋಡಿದೆ, ಅವನ ಮುಖ ನೋಡಿದೆ. ಜೊತೆಗೆ ಬಂದಿದ್ದ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತಿದ್ದ. ಈ ಸೊಂಟ ಯಾರದಪ್ಪಾ, ಅವರನ್ನು ಕರೆಸಿ ಎಂದೆ. ಅವನು ಚೀಟಿ ಕೈಗೆ ತೆಗೆದುಕೊಂಡು ಓದಿ, "ಇದು ನಂದೇ ಅಮ್ಮಾ, ಆದ್ರೆ ಇಪ್ಪತ್ತು ವರ್ಷ ಹಿಂದಿಂದು. ಬದಲಾಯಿಸೋಕೆ ಆಫೀಸಲ್ಲಿ ಯಾರಿಗೂ ಧೈರ್ಯ ಇಲ್ಲ" ಎಂದ. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕ. ಪ್ಯಾಂಟಿನ ಕೆಳಗೆ ಹೇಗೋ ಹಾಕಿದ್ದ ಎರಡು ಗುಂಡಿಯೂ ಹಾರಿ ಹೋದವು.

ನಗುವವನನ್ನು ದ್ವೇಷಿಸುವುದು ಕಷ್ಟ ರೀ. ನಾನು ಪ್ರಯತ್ನ ಪಟ್ಟೆ, ನಿಮ್ಮ ಮೇಲಾಣೆ. ಟೋಪಿ ಹಾಕಿಕೊಂಡ ಆ ಎಳೇ ನಿರ್ದೇಶಕ ಕಪಾಟಿನಿಂದ ನಿಮ್ಮ ಹಳೇ ಹಮಾಲನ ಕೋಟು ತೆಗೆದು, ಇದನ್ನೇ ಸ್ವಲ್ಪ ಅಗಲ ಮಾಡಿಕೊಡಿ, ನೋಡಿದರೇ ಹಳತು ಅನ್ನಿಸುತ್ತದೆ ಎಂದಾಗ ನನ್ನ ಬಾಯಿಂದ ಏನು ಬಂತೆಂದು ಬರೆಯುವುದಿಲ್ಲ, ಮಗಳೂ ಓದಬಹುದು. ಆದರೆ ನನಗಿಂತ ಮೊದಲು ಮೀಸೆಯೇ ಬೇಡ ಎಂದ. ಆರುನೂರು ಆಟದ ಬೆವರು ಕುಡಿದ ಕೋಟಿಗೆ ನನಗೆ ಹಕ್ಕಿಲ್ಲ, ನನ್ನ ಬೆವರಿಗೆ ಬೇರೆ ಕೋಟು ಹೊಲಿಯಿರಿ ಅಂತ ಹೇಳಿ, ಅದನ್ನು ಅವನೇ ಮಡಚಿ ಕಪಾಟಿನಲ್ಲಿಟ್ಟ. ತೋಳು ಒಳಕ್ಕೆ ಬರುವ ಹಾಗೆ ಮಡಚಿದ. ಅಷ್ಟು ತಿಳಿದವನಿಗೆ ನಾನು ಇನ್ನೇನು ಹೇಳಲಿ? ಹೊಲಿದುಕೊಟ್ಟೆ.

ಈಗ ಫಜೀತಿಗೆ ಬರುತ್ತೇನೆ. ಮೊದಲ ಆಟ ಇಪ್ಪತ್ತನೇ ತಾರೀಖು ಶನಿವಾರ. ಅದಕ್ಕೆ ಮುಂಚೆ ಜನ ಕೂರಿಸಿ ಮೂರು ಪರೀಕ್ಷೆ ಆಟ ಇಟ್ಟುಕೊಂಡಿದ್ದರು: ಸೋಮವಾರ, ಮಂಗಳವಾರ, ನಿನ್ನೆ. ಸೋಮವಾರ ಮಂದಿರ ತುಂಬಿ ಗ್ಯಾಲರಿಯ ಮೆಟ್ಟಿಲ ಮೇಲೂ ಜನ ಕೂತಿದ್ದರು. ಯಜಮಾನರ ಮಗಳ ಮುಖ ನೋಡಬೇಕಿತ್ತು, ಹತ್ತು ವರ್ಷ ಚಿಕ್ಕವಳಾಗಿದ್ದಳು. ಆ ಮೂರನೇ ದೃಶ್ಯ ಬಂತು. ಇದನ್ನು ನಿಮಗೆ ನಾನು ವಿವರಿಸುವುದು ಹುಚ್ಚುತನ, ಆದರೂ ಬರೆಯುತ್ತೇನೆ, ಬರೆದರೇ ನಿಮ್ಮ ಹೊಟ್ಟೆ ಉರಿ ತಣ್ಣಗಾಗುವುದು. ಜಗಳವಾಡಿಕೊಂಡು ಮನೆ ಬಿಟ್ಟು ಹೋದ ಗಡಿಯಾರದವನು ಇಪ್ಪತ್ತು ವರ್ಷದ ಮೇಲೆ ಮಗಳ ಅಂಗಡಿಗೆ ಹಮಾಲನಾಗಿ ಬರಬೇಕು. ನಾಲ್ವರು ದೊಡ್ಡ ಗಡಿಯಾರ ಹೊತ್ತು ತರುತ್ತಾರೆ, ಮೂವರು ಹೊರಟು ಹೋಗುತ್ತಾರೆ, ಕೀಲಿ ಕೊಡಲು ಒಬ್ಬ ಉಳಿಯುತ್ತಾನೆ. ಕೀಲಿ ಕೊಡುತ್ತಾ ಹಳೇ ರಾಗ ಗುನುಗುತ್ತಾನೆ. ಬೆನ್ನು ತಿರುಗಿಸಿ ಕಪಾಟು ಒರೆಸುತ್ತಿರುವ ಮಗಳ ಕೈ ಆಗ ನಿಲ್ಲಬೇಕು. ಅವನು ಯಾರೆಂದು ಆ ಗುನುಗಿನವರೆಗೆ ಅವಳಿಗೂ ಗೊತ್ತಾಗಬಾರದು, ನೋಡುವವರಿಗೂ ಗೊತ್ತಾಗಬಾರದು. ಇಡೀ ನಾಟಕ ನಿಂತಿರುವುದೇ ಅದರ ಮೇಲೆ.

ಮೀಸೆಯ ಒಂದು ಕಾಲು ಬೆಳಕಿಗೆ ಬಿದ್ದದ್ದೇ ತಡ, ಗ್ಯಾಲರಿಯಿಂದ ಒಂದು ಸಿಳ್ಳೆ. ಆಮೇಲೆ ಮಂದಿರವೇ ಎದ್ದು ನಿಂತಿತು. ಚಪ್ಪಾಳೆ, ಕೂಗು, ಯಾವುದೋ ಸಿನಿಮಾದ ಡೈಲಾಗು ಹೇಳಬೇಕಂತೆ. ಅವನಿಗೋ ಸಭೆ ಸಮಾರಂಭದ ಅಭ್ಯಾಸ, ಹೊತ್ತಿದ್ದನ್ನು ಬಿಟ್ಟು ಎರಡೂ ಕೈ ಎತ್ತಿ ಬೀಸಿದ. ಗಡಿಯಾರ ವಾಲಿತು. ಉಳಿದ ಮೂವರು ಹಮಾಲರ ತೊಡೆ ನಡುಗುತ್ತಿತ್ತು. ಗಂಟೆಯ ಮುಳ್ಳು ಕಳಚಿ ರಂಗದ ಮೇಲೆ ಬಿದ್ದು ಟಣ್ ಎಂದಿತು. ಧಾರಾವಾಹಿಯ ಸೊಸೆ ಪಾಪ ತಿರುಗಿ ನೋಡುವಂತಿಲ್ಲ, ಒಂದೇ ಜಾಗವನ್ನು ಬಣ್ಣ ಹೋಗುವ ತನಕ ಒರೆಸಿದಳು. ಪಿಯಾನೋ ಮಾಸ್ತರು ಅದೇ ನಾಲ್ಕು ಸ್ವರವನ್ನು ಹನ್ನೊಂದು ಸಲ ನುಡಿಸಿದರು, ಹನ್ನೆರಡನೆಯ ಸಲಕ್ಕೆ ಎದ್ದು ನೀರು ಕುಡಿಯಲು ಹೋದರು. ಕೊನೆಗೆ ಅವನು ಗುನುಗಿದಾಗ ಜನವೂ ಜೊತೆಗೆ ಗುನುಗಿದರು. ಪಕ್ಕದ ಪರದೆಯ ಹಿಂದೆ ನಿಂತು ನೋಡುತ್ತಿದ್ದ ನನಗೆ, ಸುಳ್ಳು ಯಾಕೆ ಹೇಳಲಿ, ಸಂತೋಷವಾಯಿತು. ಆಗಲಿ, ನಮ್ಮವರ ಬೆಲೆ ಈಗ ತಿಳಿಯಲಿ ಎಂದುಕೊಂಡೆ. ಆಮೇಲೆ ಅವನ ಮುಖ ನೋಡಿದೆ. ಆ ಸಂತೋಷ ಅಲ್ಲೇ ಸತ್ತಿತು.

ಮಂಗಳವಾರ ಮುಖಕ್ಕೆ ಮಸಿ ಬಳಿದು, ಟೋಪಿ ಇಳಿಸಿ, ಮೀಸೆಯನ್ನು ಮಫ್ಲರಿನಲ್ಲಿ ಮುಚ್ಚಿ ಕಳಿಸಿದರು. ಹಿಂದಿನ ದಿನದ ಸುದ್ದಿ ಊರೆಲ್ಲ ಹರಡಿತ್ತು, ಜನ ಅವನನ್ನು ಹುಡುಕಲೆಂದೇ ಬಂದಿದ್ದರು. ಮುಂದೆ ಬಂದ ಹಮಾಲನ ಹುಬ್ಬು ಸ್ವಲ್ಪ ದಪ್ಪ, ಮೀಸೆಯೇ ಎಂದುಕೊಂಡು ಅವನಿಗೆ ಚಪ್ಪಾಳೆ ತಟ್ಟಿದರು. ಅಲ್ಲ ಎಂದು ಗೊತ್ತಾಗಿ ಎರಡನೆಯವನಿಗೆ ತಟ್ಟಿದರು. ಹೀಗೆ ನಾಲ್ವರಿಗೂ ಒಂದೊಂದು ಸುತ್ತು. ಸಂಘದ ಚುನಾವಣೆ ನಡೆದ ಹಾಗಿತ್ತು.

ಆಟ ಮುಗಿದ ಮೇಲೆ ಮೀಸೆ ನನ್ನ ಕೋಣೆಗೆ ಬಂದು ಇಸ್ತ್ರಿ ಮೇಜಿನ ಮೇಲೆ ಕೂತ. ಮೇಜಿನ ಮೇಲೆ ಕೂರಬೇಡ ಎಂದು ಬೈಯಬೇಕಿತ್ತು, ಬಾಯಿ ಬರಲಿಲ್ಲ. ಮಸಿಯ ಮುಖದಲ್ಲೇ ಹೇಳಿದ: "ನಾನು ಏನೂ ಮಾಡೋಕೆ ಮುಂಚೆನೇ ತಟ್ಟಿಬಿಡ್ತಾರಮ್ಮ. ಮಾಡಿದ್ಮೇಲೆ ತಟ್ಟಿದ್ದು ಮೂವತ್ತು ವರ್ಷದಲ್ಲಿ ಒಂದ್ಸಲಾನೂ ಕೇಳಿಲ್ಲ. ಅದಕ್ಕೇ ಇಲ್ಲಿಗೆ ಬಂದೆ." ಆಮೇಲೆ, ನಿಮ್ಮ ಯಜಮಾನರು ಒಳಗೆ ಬಂದಾಗ ಎಷ್ಟು ಹೊತ್ತು ತಟ್ಟುತ್ತಿದ್ದರು ಎಂದು ಕೇಳಿದ. ಒಂದು ಸಲವೂ ಇಲ್ಲ ಎಂದೆ. ಅವನು ತಲೆ ಎತ್ತಿದ. ನಾನು ಹೇಳುತ್ತಾ ಹೋದೆ, ನೀವು ನಾಲ್ಕನೆಯವರಾಗಿ ಬರುತ್ತಿದ್ದದ್ದು, ಹೊತ್ತವರಲ್ಲಿ ಹೆಚ್ಚು ದಣಿದವನ ಹಾಗೆ ಅಲ್ಲ, ಕಡಿಮೆ ದಣಿದವನ ಹಾಗೆ ಬರುತ್ತಿದ್ದದ್ದು, ಯಾಕೆಂದರೆ ದಣಿದವನ ಮೇಲೆ ಜನರ ಕಣ್ಣು ಹೋಗುತ್ತದೆ ಎಂದು ನೀವು ಹೇಳುತ್ತಿದ್ದದ್ದು. ಮೊದಲ ಸಾಲನ್ನು ರಾಗವಾಗಿ ಅಲ್ಲ, ಬರೀ ಉಸಿರಾಗಿ ಬಿಡುತ್ತಿದ್ದದ್ದು. ಒಮ್ಮೆ ಮುಂದಿನ ಸಾಲಿನ ಹೆಂಗಸೊಬ್ಬಳು, ಈ ಹಮಾಲ ಯಾಕೆ ಇನ್ನೂ ಹೋಗಿಲ್ಲ ಎಂದು ಗಂಡನನ್ನು ಕೇಳಿದಳೆಂದು ನೀವು ಆ ರಾತ್ರಿಯೆಲ್ಲ ಖುಷಿಯಲ್ಲಿ ಇದ್ದದ್ದು. "ಆರುನೂರು ಸಲ ಯಾರಿಗೂ ಗೊತ್ತಾಗದ ಹಾಗೆ ಬಂದ್ರಾ" ಎಂದಷ್ಟೇ ಅವನು ಹೇಳಿದ. ರೀ, ನಿಮ್ಮನ್ನು ಹೊಗಳಿದವರು ಬಹಳ ಜನ ಇದ್ದಾರೆ. ಆ ದನಿಯಲ್ಲಿ ಹೊಗಳಿದ್ದನ್ನು ನಾನು ಕೇಳಿರಲಿಲ್ಲ.

ನಿನ್ನೆ ಬೆಳಿಗ್ಗೆ ಎಲ್ಲರೂ ರಂಗದ ಮೇಲೆ ತಲೆ ಕೆಳಗೆ ಹಾಕಿ ಕೂತಿದ್ದರು. ನಾನು ಬಿದ್ದ ಗುಂಡುಸೂಜಿ ಆರಿಸುತ್ತಾ ಅಲ್ಲೇ ಇದ್ದೆ. ಟೋಪಿಯವನು ಆ ದೃಶ್ಯವನ್ನೇ ಕತ್ತರಿಸೋಣ ಎಂದು ಶುರುಮಾಡಿದ. ನನಗೆ ಪಿತ್ತ ನೆತ್ತಿಗೇರಿತು. ಮಂಗಳವಾರ ದಪ್ಪ ಹುಬ್ಬಿನವನಿಗೂ ತಟ್ಟಿದರಲ್ಲ, ನಿಮಗೆ ಕಣ್ಣಿರಲಿಲ್ಲವೇ ಎಂದೆ. ಜನಕ್ಕೆ ಚಪ್ಪಾಳೆ ತಟ್ಟಬೇಕು, ತಟ್ಟಿ ಮುಗಿಸಲಿ. ಮೀಸೆ ಅಂಟಿಸಿ, ಇವನ ಕೋಟಿನಂಥದೇ ಕೋಟು ಹಾಕಿ, ಇವನ ನಡಿಗೆಯಲ್ಲೇ ನಡೆಯುವ ಒಬ್ಬನನ್ನು ಮುಂದೆ ಬಿಡಿ. ತಟ್ಟಿಸಿಕೊಂಡು ಅವನು ಹೊರಟು ಹೋಗಲಿ. ಅಷ್ಟು ಹೊತ್ತು ಗಡಿಯಾರದ ಹಿಂದೆ ಕೀಲಿ ಹಿಡಿದು ನಿಂತವನನ್ನು ಯಾರು ನೋಡುತ್ತಾರೆ? ಹೊರಲೂಬೇಕಾಗಿಲ್ಲ, ಮೂವರು ಹೊತ್ತರೆ ಸಾಕು, ಅವನು ಬರೀ ಕೀಲಿಯವನು. ಟೋಪಿಯವನು ಬಾಯಿ ಮುಚ್ಚುವುದನ್ನು ಮರೆತ. ಮೀಸೆ ಎದ್ದು ನಿಂತು, ಹಾಗಾದರೆ ನನ್ನ ಮುಖದಲ್ಲಿ ಇದು ಇರಬಾರದು ಎಂದು ಬಣ್ಣದ ಕೋಣೆಗೆ ಹೋದ. ಹಿಂದೆ ಮ್ಯಾನೇಜರು ಓಡಿದ. ಆ ಮೀಸೆಗೆ ಯಾವುದೋ ತಲೆ ಎಣ್ಣೆ ಕಂಪನಿಯ ಕರಾರು ಇತ್ತಂತೆ. ಅವನು ಹೋಗಿ ಮುಟ್ಟುವಷ್ಟರಲ್ಲಿ ಅರ್ಧ ಮೀಸೆ ಹೋಗಿಯಾಗಿತ್ತು, ಇನ್ನರ್ಧ ಇಟ್ಟುಕೊಂಡು ಏನು ಮಾಡುವುದು?

ಮುಂದೆ ಬರುವವನನ್ನು ಹುಡುಕಲು ಹಿಮ್ಮೇಳದ ಹುಡುಗರನ್ನೆಲ್ಲ ನಡೆಸಿ ನೋಡಿದರು. ಒಬ್ಬ ಬಾತುಕೋಳಿ, ಒಬ್ಬ ಪೊಲೀಸು, ಒಬ್ಬ ಮದುಮಗ. ನಡಿಗೆ ಎಂದರೆ ಕಾಲಲ್ಲಿ ಇರುವುದಿಲ್ಲ ಕಣ್ರೋ, ಹೆಗಲಲ್ಲಿ ಇರುತ್ತದೆ, ಆ ಮನುಷ್ಯನ ಬಲ ಹೆಗಲು ಎಡಕ್ಕಿಂತ ಮುಕ್ಕಾಲು ಅಂಗುಲ ಕೆಳಗಿದೆ, ಕೋಟು ಹೊಲಿದವಳು ನಾನು ಎಂದು ಎದ್ದು ನಡೆದು ತೋರಿಸಿದೆ. ತೋರಿಸಿದ್ದೇ ತಪ್ಪಾಯಿತು. ಅಜ್ಜೀ, ನೀವೇ ಹೋಗಿ ಎಂದ ಟೋಪಿ. ಮೂವತ್ತೇಳು ವರ್ಷದಲ್ಲಿ ಈ ರಂಗದ ಮೇಲೆ ನಾನು ಮಂಡಿಯೂರಿ ಸೂಜಿ ಹುಡುಕಿದ್ದೇನೆ ಹೊರತು ನೆಟ್ಟಗೆ ನಿಂತವಳಲ್ಲ ಎಂದು ರೇಗಿದೆ. ಯಾರೂ ಕೇಳಲಿಲ್ಲ. ಸಿನಿಮಾದಲ್ಲಿ ಆಳೆತ್ತರ ಕಾಣುವ ಅವನು ಹತ್ತಿರ ನಿಂತರೆ ಸರಿಯಾಗಿ ನನ್ನಷ್ಟೇ ಎತ್ತರ. ನೀವು ಮದುವೆಯಾದಾಗಿನಿಂದ ನನ್ನನ್ನು ಏಣಿ ಎಂದು ಹಂಗಿಸುತ್ತಿದ್ದಿರಲ್ಲ, ಆ ಏಣಿ ಕೊನೆಗೂ ಒಂದು ಕೆಲಸಕ್ಕೆ ಬಂತು.

ಹತ್ತಿ ತುಂಬಿ ಹೆಗಲು ಮಾಡಿಕೊಂಡೆ. ಮೀಸೆಯ ಗೋಂದಿಗೆ ತುಟಿಯ ಮೇಲೆ ಒಂದೇ ಸಮ ತುರಿಕೆ. ಗಡಿಯಾರದ ಮುಂದಿನ ಹಿಡಿ ಹಿಡಿದು ಪರದೆಯ ಹಿಂದೆ ನಿಂತಾಗ, ಅರವತ್ತಾರು ವರ್ಷದವಳಿಗೆ ಬುದ್ಧಿ ಬೇಡವೇ ಎಂದು ನನ್ನನ್ನೇ ಬೈದುಕೊಂಡೆ. ಕಾಲು ಇಟ್ಟೆ. ಒಂದು ಸಿಳ್ಳೆ. ಆಮೇಲೆ ಮಳೆ ಸುರಿದ ಹಾಗೆ ಚಪ್ಪಾಳೆ. ರೀ, ನಗಬೇಡಿ, ಹಿತವಾಗಿತ್ತು. ಎರಡು ಹೆಜ್ಜೆಗೆ ಭಯ ಹೋಯಿತು, ಮೂರನೇ ಹೆಜ್ಜೆಗೆ ಕೊಬ್ಬು ಬಂತು. ಗಡಿಯಾರ ಇಳಿಸಿ, ಅವನು ಮಾಡುವ ಹಾಗೇ ಒಂದು ಹೆಗಲು ಇಳಿಸಿ, ಮೀಸೆ ತಿರುವಿದೆ. ಛಾವಣಿ ಹಾರಿ ಹೋಗುತ್ತದೆ ಎನಿಸಿತು. ಎರಡು ಸಲ ತಿರುವಬೇಕೆಂದು ಯಾರೂ ಹೇಳಿರಲಿಲ್ಲ, ಎರಡನೇ ಸಲದ್ದು ನನ್ನದೇ. ಆಮೇಲೆ ಉಳಿದಿಬ್ಬರ ಜೊತೆ ಹೊರಗೆ ಬಂದೆ. ಅವನು ಮತ್ತೆ ಬರುತ್ತಾನೆಂದು ಜನ ಹಾಯಾಗಿ ಒರಗಿ ಕೂತರು.

ರಂಗದ ಮೇಲೆ ಗಡಿಯಾರ, ಬೆನ್ನು ತಿರುಗಿಸಿದ ಮಗಳು, ಕೀಲಿ ಕೊಡುತ್ತಿರುವ ಯಾರೋ ಒಬ್ಬ ಮುದುಕ ಹಮಾಲ. ಯಾರೂ ನೋಡುತ್ತಿರಲಿಲ್ಲ. ಒಬ್ಬರು ಕೆಮ್ಮಿದರು, ಒಬ್ಬರು ಪೊಟ್ಟಣ ಬಿಚ್ಚಿದರು. ಅವನು ಉಸಿರು ಬಿಟ್ಟ. ಪೊಟ್ಟಣದ ಸದ್ದು ನಿಂತಿತು. ಎರಡನೇ ಸಲ ಬಿಟ್ಟಾಗ ಆ ಹುಡುಗಿಯ ಕೈ ನಿಂತಿತು. ಆಮೇಲೆ ಬಂತು ನೋಡಿ ಆ ಮೌನ. ನಿಮ್ಮ ಮೌನ. ಹದಿನೆಂಟು ವರ್ಷದಿಂದ ಅದು ಆ ಮಂದಿರದಲ್ಲಿ ಎಲ್ಲಿ ಅಡಗಿಕೊಂಡಿತ್ತೋ, ಕರೆದ ಕೂಡಲೇ ಬಂತು. ಪರದೆಯ ಹಿಂದೆ ಮೀಸೆ ಅಂಟಿಸಿಕೊಂಡು ನಿಂತು ನಾನು ಅತ್ತೆ. ಗೋಂದು ಕಳಚಿ ಮೀಸೆ ಒಂದು ಕಡೆ ಜೋತುಬಿತ್ತು. ಹಾಡು ಮುಗಿದು ಅವನು ಮುಖ ತಿರುಗಿಸಿದ ಮೇಲೂ ಯಾರೂ ಕೈ ತಟ್ಟಲಿಲ್ಲ. ಗುರುತು ಹಿಡಿಯಲು ಅಷ್ಟು ಹೊತ್ತು ಬೇಕಾಯಿತು. ಆಮೇಲೆ ತಟ್ಟಿದರು, ಕೂತಲ್ಲೇ, ಸಿಳ್ಳೆ ಇಲ್ಲದೆ. ಅವನು ಒಳಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡು ನಿಂತ. ಒಂದು ಆಟದಲ್ಲಿ ನನಗೆ ಮುಂಚಿನ ಚಪ್ಪಾಳೆ, ಅವನಿಗೆ ಆಮೇಲಿನದು. ಇಬ್ಬರಿಗೂ ಅದು ಜೀವನದಲ್ಲಿ ಮೊದಲನೆಯದು.

ಈಗ ಕೆಲಸದ ವಿಷಯ. ಇವತ್ತು ಬೆಳಿಗ್ಗೆ ಯಜಮಾನರ ಮಗಳು ಬಂದಿದ್ದಳು. ಬುಧವಾರ ಮಧ್ಯಾಹ್ನದ ಆಟಕ್ಕೆ ಮೀಸೆ ಬರಲಾಗುವುದಿಲ್ಲವಂತೆ, ಶೂಟಿಂಗ್ ಇದೆಯಂತೆ. ಎಲ್ಲ ಬುಧವಾರವೂ. ಆ ಆಟಗಳಲ್ಲಿ ಗಡಿಯಾರದವನ ಪಾತ್ರ ನೀವು ಮಾಡುತ್ತೀರಾ ಎಂದು ಕೇಳಲು ಅವಳಿಗೆ ಧೈರ್ಯ ಸಾಲದೆ ನನ್ನನ್ನು ಕೇಳಿದಳು. ನಾನು ಕೈಯಲ್ಲಿದ್ದ ಟೇಪನ್ನು ಮೇಜಿಗೆ ಬಡಿದೆ. ನಮ್ಮ ಮನೆಯಲ್ಲಿ ಇನ್ನೊಬ್ಬರು ಬಿಟ್ಟ ತಟ್ಟೆಯಲ್ಲಿ ಉಣ್ಣುವವರು ಯಾರೂ ಇಲ್ಲ ಎಂದೆ. ನೀವೂ ಅದನ್ನೇ ಹೇಳುತ್ತೀರಿ ಎಂದು ಗೊತ್ತಿತ್ತು. ಪಾಪ, ಆ ಹುಡುಗಿ ಕಣ್ಣು ತುಂಬಿಕೊಂಡು ಹೋದಳು. ಆದರೂ ಕೇಳಿದ್ದನ್ನು ನಿಮಗೆ ತಿಳಿಸದೆ ಇರುವುದು ತಪ್ಪು, ತಿಳಿಸಿದ್ದೇನೆ. ಮಗಳ ಕೈಲಿ ನಿಮ್ಮ ಡಾಕ್ಟರನ್ನೂ ಕೇಳಿಸಿದೆ. ಭಾರ ಹೊರುವಂತಿಲ್ಲ, ನಿಲ್ಲಬಹುದು, ನಡೆಯಬಹುದು, ಹಾಡಲು ಮಂಡಿ ಬೇಕಾಗಿಲ್ಲ ಎಂದರಂತೆ. ಕೀಲಿಯವನು ಈಗ ಹೊರುವುದೂ ಇಲ್ಲ. ನೀವು ಮಾಡುವ ದಿನ ಮುಂದೆ ಬರಲು ಮೀಸೆಯವನು ಬೇಕಾಗುವುದಿಲ್ಲ, ನಿಮ್ಮ ಮುಖ ಯಾರಿಗೂ ಗೊತ್ತಿಲ್ಲ. ಬುಧವಾರ ನನಗೆ ಚಪ್ಪಾಳೆ ಇಲ್ಲ ಎಂದಾಯಿತು. ಇರಲಿ. ಒತ್ತಾಯ ಮಾಡುವುದಿಲ್ಲ. ಆಟ ಬೇಡದಿದ್ದರೆ ಬೇಡ, ಮನೆಗಾದರೂ ಬನ್ನಿ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳಿ. ಪುಟ್ಟಿಗೆ ಮುತ್ತು ಕೊಟ್ಟು, ಅಜ್ಜಿ ನಿನ್ನೆ ಮೀಸೆ ಬಿಟ್ಟಿದ್ದಳು ಎಂದು ಹೇಳಿ, ನಂಬುವುದಿಲ್ಲ. ಗುಳಿಗೆ ಹೊತ್ತಿಗೆ ಸರಿಯಾಗಿ ನುಂಗಿ. ನಿಮ್ಮ ಆರೋಗ್ಯವೇ ನನಗೆ ಅರ್ಧ ಆಯಸ್ಸು, ಇನ್ನರ್ಧ ಜಗಳದಿಂದ ಹೇಗೂ ಸಿಗುತ್ತದೆ.

ಇಂತಿ,
ನಿಮ್ಮವಳೇ, ಬೇರೆ ಯಾರು

ಮರೆತದ್ದು: ಲಕೋಟೆಗೆ ಅಂಟು ಹಚ್ಚಿದ ಮೇಲೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ. ಮೀಸೆ ಈಗ ತಾನೇ ಕೋಟಿನ ತೋಳು ಸರಿಮಾಡಿಸಿಕೊಳ್ಳಲು ಬಂದಿದ್ದ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಅವನನ್ನು ಚೆನ್ನಾಗಿ ಬೈದೆ. ಅದೆಂಥ ಶೂಟಿಂಗು, ತಿಂಗಳುಗಟ್ಟಲೆ ಬುಧವಾರವೇ ಬರುವ ಶೂಟಿಂಗು, ನಿನಗೆ ಬಿಡುವಿಲ್ಲದ ದಿನ ನಮ್ಮವರು ಬರಬೇಕೋ ಎಂದೆ. ಅವನು ಹೇಳಿದ: "ಶೂಟಿಂಗ್ ಇಲ್ಲಮ್ಮ. ನಾನೇ ಕರೆದ್ರೆ ಕರುಣೆ ಅಂದ್ಕೋತಾರೆ, ಅದಕ್ಕೆ ಸುಳ್ಳು ಹೇಳಿದೆ. ನಾನು ಉಸಿರು ತಗೊಳ್ಳೋ ಜಾಗದಲ್ಲೇ ಎಲ್ಲೋ ತಪ್ತಾ ಇದೀನಿ. ಅವರು ಎಲ್ಲಿ ತಗೋತಾರೆ ಅಂತ ಕೂತು ನೋಡ್ಬೇಕು." ಎಲ್ಲ ಬುಧವಾರಕ್ಕೂ ಕೊನೆಯ ಸಾಲಿನಲ್ಲಿ ಒಂದು ಸೀಟು ಬೇರೆ ಹೆಸರಲ್ಲಿ ಹಿಡಿದಿದ್ದಾನೆ. ಟಿಕೆಟು ತೋರಿಸಿದ. ಯಾರಿಗೂ ಹೇಳಬೇಡಿ ಎಂದು ಕೈ ಹಿಡಿದು ಭಾಷೆ ತೆಗೆದುಕೊಂಡ, ನಾನು ಕೊಟ್ಟೆ, ಈಗ ನಿಮಗೆ ಬರೆದೆ. ಸೋಮವಾರ ಬೆಳಿಗ್ಗೆ ಏಳರ ರೈಲಿಗೆ ಮಗಳು ಜಾಗ ಮಾಡಿಸಿದ್ದಾಳೆ. ಇಷ್ಟಾದ ಮೇಲೂ ಬರುವುದಿಲ್ಲ ಎನ್ನುವುದಾದರೆ ನೀವೇ ಅವನಿಗೆ ಫೋನ್ ಮಾಡಿ ಹೇಳಿ, ಆ ಮುಖ ನೋಡಿಕೊಂಡು ಹೇಳಲು ನನ್ನ ಕೈಲಿ ಆಗುವುದಿಲ್ಲ.